ಮೊಣಕೈ ಬಿಜಾಗರಿ ಕೀಲಾದರೆ ಅಂಗೈ ತಿರುಗುವುದು ಎಲ್ಲಿಂದ?

ವಿಜ್ಞಾನ_ಮೇಷ್ಟ್ರು

ಕೀಲುಗಳ ಪಾಠ ಬಂದಾಗ ನಾವು ಎಲ್ಲರೂ ಒಂದೇ ಪಟ್ಟಿ ಹೇಳಿಕೊಡುತ್ತೇವೆ. ಮೊಣಕೈ, ಮಂಡಿ ಬಿಜಾಗರಿ ಕೀಲು. ಭುಜ, ತೊಡೆಸಂದು ಚೆಂಡು-ಗುಳಿ ಕೀಲು. ಕುತ್ತಿಗೆಯಲ್ಲಿ ತಿರುಗಣಿ ಕೀಲು. ತಲೆಬುರುಡೆಯಲ್ಲಿ ಅಲುಗಾಡದ ಕೀಲು. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಂಕವೂ ಬರುತ್ತದೆ.

ಆದರೆ ಒಬ್ಬ ಹುಡುಗಿ ಕೇಳಿದ ಪ್ರಶ್ನೆಗೆ ಈ ಪಟ್ಟಿಯಲ್ಲಿ ಉತ್ತರ ಇಲ್ಲ. "ಮೊಣಕೈ ಬಾಗಿಲಿನ ಹಾಗೆ ಮಡಚಿ ಬಿಚ್ಚುವುದಷ್ಟೇ ಅಂದ್ರಿ. ಹಾಗಾದರೆ ಕೈಯನ್ನು ಮೇಜಿನ ಮೇಲಿಟ್ಟು ಅಂಗೈಯನ್ನು ಮೇಲೆ ಕೆಳಗೆ ತಿರುಗಿಸ್ತೀನಲ್ಲ, ಅದು ಯಾವ ಕೀಲು?" ಅವಳ ಪಕ್ಕದವನು ಇನ್ನೊಂದು ಸೇರಿಸಿದ. ಕೈ ಬಿಚ್ಚಿದಾಗ ಬೆರಳುಗಳನ್ನು ಅಗಲ ಮಾಡಬಹುದು, ಮುಷ್ಟಿ ಕಟ್ಟಿದಾಗ ಯಾಕೆ ಆಗುವುದಿಲ್ಲ? ಕೀಲು ಅದೇ, ಬೆರಳೂ ಅದೇ.

ಎರಡೂ ಒಳ್ಳೆಯ ಪ್ರಶ್ನೆಗಳು. ಮಕ್ಕಳು ತಮ್ಮ ಮೈಯಲ್ಲೇ ಮುಟ್ಟಿ ನೋಡಿ ತಿಳಿಯುವ ಹಾಗೆ ವಿವರಿಸುವವರು ಇದ್ದರೆ ಬರೆಯಿರಿ.

ಅನಾಟಮಿ_ಓದುವವಳು

ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ. ಮೊಣಕೈ ಅನ್ನುವುದು ಒಂದು ಕೀಲು ಅಲ್ಲ. ಒಂದೇ ಚೀಲದೊಳಗೆ ಮೂರು ಕೀಲುಗಳಿವೆ. ತೋಳಿನ ಮೂಳೆ ಕೆಳಗಿಳಿದು ಮುಂಗೈಯ ಎರಡು ಮೂಳೆಗಳನ್ನು ಸೇರುತ್ತದೆ. ಕಿರುಬೆರಳಿನ ಕಡೆ ಇರುವುದು ಅಲ್ನಾ, ಹೆಬ್ಬೆರಳಿನ ಕಡೆ ಇರುವುದು ರೇಡಿಯಸ್. ತೋಳಿನ ಮೂಳೆ ಅಲ್ನಾವನ್ನು ಸೇರುವ ಜಾಗ ನಿಜವಾದ ಬಿಜಾಗರಿ. ಅಲ್ಲಿ ಮಡಚುವುದು, ಬಿಚ್ಚುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ. ಅದೇ ತೋಳಿನ ಮೂಳೆ ರೇಡಿಯಸ್ ತಲೆಯನ್ನು ಮುಟ್ಟುವುದು ಎರಡನೆಯದು. ರೇಡಿಯಸ್ ಮತ್ತು ಅಲ್ನಾ ಪಕ್ಕಪಕ್ಕದಲ್ಲಿ ಸೇರುವುದು ಮೂರನೆಯದು. ಆ ಹುಡುಗಿ ಕೇಳಿದ ಕೀಲು ಇದೇ, ಇದು ತಿರುಗಣಿ.

ರೇಡಿಯಸ್‌ನ ತಲೆ ಹೆಚ್ಚುಕಡಿಮೆ ಗುಂಡಗಿದೆ. ಅದರ ಸುತ್ತ ಉಂಗುರದಂಥ ಒಂದು ಲಿಗಮೆಂಟ್, ಅಂದರೆ ಮೂಳೆಗಳನ್ನು ಕಟ್ಟಿಹಿಡಿಯುವ ನಾರಿನ ಪಟ್ಟಿ, ಇದೆ. ಆ ಉಂಗುರದೊಳಗೆ ತಲೆ ಇದ್ದಲ್ಲೇ ತಿರುಗುತ್ತದೆ. ಕೆಳಗಿನ ತುದಿ ಮಾತ್ರ ಹಾಗಲ್ಲ, ಅಲ್ನಾದ ಸುತ್ತ ಹಾದು ಆ ಬದಿಗೆ ಹೋಗಿಬಿಡುತ್ತದೆ. ಅಂಗೈ ಮೇಲೆ ನೋಡುವಾಗ ಎರಡು ಮೂಳೆಗಳೂ ಪಕ್ಕಪಕ್ಕ ನೇರವಾಗಿ ಇರುತ್ತವೆ. ಅಂಗೈ ಕೆಳಗೆ ತಿರುಗಿದಾಗ ರೇಡಿಯಸ್ ಅಲ್ನಾದ ಮೇಲೆ ಕತ್ತರಿಯಾಗಿ ಮಲಗುತ್ತದೆ. ಅಂಗೈ ರೇಡಿಯಸ್‌ಗೆ ಅಂಟಿಕೊಂಡಿರುವುದರಿಂದ ಅದರ ಜೊತೆಯೇ ತಿರುಗುತ್ತದೆ.

ತರಗತಿಯಲ್ಲಿ ಹೀಗೆ ಮಾಡಿಸಿ. ಮೊಣಕೈಯನ್ನು ಅರ್ಧ ಮಡಚಿ ಪಕ್ಕೆಗೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಭುಜವೂ ಸೇರಿಕೊಳ್ಳುತ್ತದೆ. ಇನ್ನೊಂದು ಕೈಯಿಂದ ಮೊಣಕೈಯ ಚೂಪು ತುದಿ ಮುಟ್ಟಿ, ಅಂಗೈ ತಿರುಗಿಸಿ. ಚೂಪು ತುದಿ ಅಲುಗುವುದಿಲ್ಲ, ಅದು ಅಲ್ನಾ. ಈಗ ಬೆರಳನ್ನು ಮೊಣಕೈಯ ಹೊರಬದಿಯ ಗುಬ್ಬಿಯಿಂದ ಒಂದು ಬೆರಳಗಲ ಕೆಳಗೆ ಇಟ್ಟು ಮತ್ತೆ ತಿರುಗಿಸಿ. ಚರ್ಮದ ಕೆಳಗೆ ಗಟ್ಟಿಯಾದದ್ದೊಂದು ಉರುಳುವುದು ತಿಳಿಯುತ್ತದೆ. ಅದು ರೇಡಿಯಸ್ ತಲೆ.

ಮಣಿಕಟ್ಟು ತಿರುಗುತ್ತದೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಮಣಿಕಟ್ಟು ಮುಂದೆ ಹಿಂದೆ ಬಾಗುತ್ತದೆ, ಆ ಕಡೆ ಈ ಕಡೆ ವಾಲುತ್ತದೆ. ತಿರುಗುವ ಕೆಲಸ ಮುಂಗೈಯದ್ದು.

ಪುಟಾಣಿಯ_ಅಮ್ಮ

ಉಂಗುರದ ಲಿಗಮೆಂಟ್ ಅಂದಿರಲ್ಲ, ಚಿಕ್ಕ ಮಕ್ಕಳನ್ನು ಕೈ ಹಿಡಿದು ಎತ್ತಬಾರದು ಅನ್ನುವುದು ಇದಕ್ಕೇನಾ?

ಅನಾಟಮಿ_ಓದುವವಳು

ಹೌದು, ಇದಕ್ಕೇ. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಇದು ಜಾಸ್ತಿ. ಮೊಣಕೈ ನೇರವಾಗಿ ಇರುವಾಗ ಮುಂಗೈ ಹಿಡಿದು ಜಗ್ಗಿದರೆ ರೇಡಿಯಸ್ ತಲೆ ಉಂಗುರದಿಂದ ಸ್ವಲ್ಪ ಜಾರಿ, ಲಿಗಮೆಂಟ್‌ನ ಅಂಚು ಸಂದಿಗೆ ಸಿಕ್ಕಿಕೊಳ್ಳುತ್ತದೆ. ಮಗು ಆ ಕೈಯನ್ನು ಆಡಿಸುವುದೇ ಇಲ್ಲ, ಮೈಗೆ ಅಂಟಿಸಿ ಇಟ್ಟುಕೊಂಡಿರುತ್ತದೆ. ಊತ ಸಾಮಾನ್ಯವಾಗಿ ಇರುವುದಿಲ್ಲ. ಗೊತ್ತಿರುವ ವೈದ್ಯರಿಗೆ ಸರಿಪಡಿಸಲು ಹೆಚ್ಚು ಹೊತ್ತು ಬೇಡ. ಆದರೆ ಮನೆಯಲ್ಲಿ ಎಳೆದು ನೋಡಬೇಡಿ, ಮೂಳೆ ಮುರಿದಿದ್ದರೂ ಮಗು ಹಾಗೆಯೇ ಕೈ ಹಿಡಿದುಕೊಳ್ಳುತ್ತದೆ. ಎತ್ತುವಾಗ ಕಂಕುಳ ಕೆಳಗೆ ಕೈ ಕೊಟ್ಟು ಎತ್ತಿ. ದೊಡ್ಡವರಾಗುತ್ತಾ ಆ ಲಿಗಮೆಂಟ್ ಗಟ್ಟಿಯಾಗುತ್ತದೆ, ಈ ತೊಂದರೆ ತಾನಾಗಿ ಹೋಗುತ್ತದೆ.

ಫಿಸಿಯೋ_ಮಾತು

ಮುಷ್ಟಿಯ ಪ್ರಶ್ನೆ ನನಗೆ ಬಿಡಿ, ನನ್ನ ದಿನದ ಕೆಲಸವೇ ಇದು.

ಬೆರಳಿನ ಬುಡದ ಗೆಣ್ಣಿನಲ್ಲಿ ಎರಡೂ ಬದಿಗೆ ಒಂದೊಂದು ಲಿಗಮೆಂಟ್ ಇದೆ. ಅಂಗೈ ಮೂಳೆಯ ತಲೆ ಪೂರ್ತಿ ಗುಂಡಗಿಲ್ಲ. ತುದಿಯಿಂದ ಅಳೆದರೆ ಗಿಡ್ಡ, ಅಂಗೈ ಕಡೆಯಿಂದ ಅಳೆದರೆ ಉದ್ದ, ಅಲ್ಲಿ ಅಗಲವೂ ಹೆಚ್ಚು. ಬೆರಳು ನೇರ ಇರುವಾಗ ಬದಿಯ ಲಿಗಮೆಂಟ್‌ಗಳು ಸಡಿಲ, ಬೆರಳು ಅಗಲವಾಗಬಹುದು. ಬೆರಳು ಮಡಚಿದ ಹಾಗೆ ಅದೇ ಲಿಗಮೆಂಟ್ ಮೂಳೆಯ ಉದ್ದದ, ಅಗಲದ ಭಾಗವನ್ನು ದಾಟಬೇಕು. ಆಗ ಅದು ಬಿಗಿಯಾಗುತ್ತದೆ. ಬೆರಳು ಪಕ್ಕಕ್ಕೆ ಹೋಗಲು ಜಾಗವೇ ಉಳಿಯುವುದಿಲ್ಲ. ಏನನ್ನಾದರೂ ಹಿಡಿದಾಗ ಬೆರಳು ಅತ್ತಿತ್ತ ಜಾರಬಾರದು, ಅಲ್ವಾ? ಆ ಕೆಲಸವನ್ನು ಸ್ನಾಯುವಿನ ಸಹಾಯವಿಲ್ಲದೆ ಕೀಲಿನ ಆಕಾರವೇ ಮಾಡುತ್ತಿದೆ.

ಇದು ಬರೀ ಓದಿನ ವಿಷಯ ಅಲ್ಲ. ಕೈಗೆ ಪೆಟ್ಟಾಗಿ ಪಟ್ಟಿ ಕಟ್ಟುವಾಗ ಆದಷ್ಟೂ ಈ ಗೆಣ್ಣುಗಳನ್ನು ಮಡಚಿದ ಸ್ಥಿತಿಯಲ್ಲಿ ಇಡುತ್ತಾರೆ, ಬೆರಳಿನ ಮುಂದಿನ ಗೆಣ್ಣುಗಳನ್ನು ನೇರ ಇಡುತ್ತಾರೆ. ನೋಡುವವರಿಗೆ ವಿಚಿತ್ರ ಅನ್ನಿಸುತ್ತದೆ. ಬುಡದ ಗೆಣ್ಣನ್ನು ವಾರಗಟ್ಟಲೆ ನೇರ ಇಟ್ಟರೆ ಸಡಿಲವಾಗಿರುವ ಲಿಗಮೆಂಟ್ ಹಾಗೇ ಗಿಡ್ಡವಾಗಿ ಕೂತುಬಿಡುತ್ತದೆ. ಆಮೇಲೆ ಮುಷ್ಟಿ ಕಟ್ಟಲು ಆಗುವುದಿಲ್ಲ. ಅದನ್ನು ಬಿಡಿಸುವುದು ತಿಂಗಳುಗಳ ಕೆಲಸ.

ಇನ್ನೊಂದು ಮಾಡಿಸಿ ಮೇಷ್ಟ್ರೇ. ಮಣಿಕಟ್ಟನ್ನು ಒಳಗೆ ಪೂರ್ತಿ ಬಾಗಿಸಿ ಆಮೇಲೆ ಮುಷ್ಟಿ ಬಿಗಿ ಮಾಡಲು ಹೇಳಿ. ಆಗುವುದಿಲ್ಲ. ಬೆರಳು ಮಡಚುವ ಸ್ನಾಯುಗಳು ಮುಂಗೈಯಲ್ಲಿವೆ, ಅವುಗಳ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಮಣಿಕಟ್ಟನ್ನು ದಾಟಿ ಬರುತ್ತದೆ. ಮಣಿಕಟ್ಟು ಬಾಗಿದಾಗಲೇ ಅವು ಗಿಡ್ಡವಾಗಿಬಿಟ್ಟಿವೆ, ಇನ್ನೂ ಎಳೆಯಲು ಶಕ್ತಿ ಉಳಿದಿಲ್ಲ. ಹಿಂಗೈಯ ಟೆಂಡನ್‌ಗಳು ಬೇರೆ ಜಗ್ಗಿ ಹಿಡಿದಿರುತ್ತವೆ. ಗಟ್ಟಿಯಾಗಿ ಹಿಡಿಯಬೇಕಾದಾಗ ನಾವು ಗೊತ್ತಿಲ್ಲದೆಯೇ ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಬಾಗಿಸುತ್ತೇವೆ, ಗಮನಿಸಿ.

ಈಜುಗಾರ್ತಿ

ಭುಜದ ಬಗ್ಗೆ ಯಾರಾದರೂ ಹೇಳಿ. ಈಜುವ ನಮಗೆಲ್ಲ ಅದೇ ತಲೆನೋವು. ಇಷ್ಟು ಸುಲಭವಾಗಿ ಎಲ್ಲ ಕಡೆ ತಿರುಗುವ ಕೀಲು ಇಷ್ಟು ಸುಲಭವಾಗಿ ನೋಯುವುದು ಯಾಕೆ?

ಫಿಸಿಯೋ_ಮಾತು

ಎರಡಕ್ಕೂ ಕಾರಣ ಒಂದೇ. ಭುಜದಲ್ಲಿ ಗುಳಿ ಅನ್ನುವುದು ಹೆಸರಿಗೆ ಮಾತ್ರ. ದೊಡ್ಡ ಚೆಂಡನ್ನು ಚಿಕ್ಕ ತಟ್ಟೆಯ ಮೇಲೆ ಇಟ್ಟ ಹಾಗಿದೆ. ಯಾವುದೇ ಹೊತ್ತಿನಲ್ಲಿ ತೋಳಿನ ಮೂಳೆಯ ತಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆ ಗುಳಿಗೆ ತಾಗಿರುವುದಿಲ್ಲ. ಸುತ್ತ ಲೇಬ್ರಮ್ ಅನ್ನುವ ನಾರಿನ ಅಂಚು ಇದ್ದು ಗುಳಿಯನ್ನು ಸ್ವಲ್ಪ ಆಳ ಮಾಡುತ್ತದೆ. ಉಳಿದದ್ದೆಲ್ಲ ಸ್ನಾಯುಗಳ ಕೆಲಸ. ಹೆಗಲ ಹಲಗೆಯಿಂದ ಹೊರಟ ನಾಲ್ಕು ಸ್ನಾಯುಗಳು ಚೆಂಡಿನ ಸುತ್ತ ಬಂದು ಕೂರುತ್ತವೆ. ರೊಟೇಟರ್ ಕಫ್ ಅಂತ ಕೇಳಿರುತ್ತೀರಿ. ಕೈಯನ್ನು ಮೇಲೆತ್ತುವ ದೊಡ್ಡ ಸ್ನಾಯು ಚೆಂಡನ್ನು ಮೇಲಕ್ಕೆ ಜಗ್ಗುತ್ತದೆ. ಈ ನಾಲ್ಕು ಅದನ್ನು ಗುಳಿಯ ಮಧ್ಯಕ್ಕೆ ಒತ್ತಿ ಹಿಡಿಯುತ್ತವೆ. ಇವು ದಣಿದರೆ ಚೆಂಡು ಮೇಲಕ್ಕೆ ಸರಿದು, ಮೇಲಿನ ಮೂಳೆಯ ಚಾವಣಿಗೂ ಚೆಂಡಿಗೂ ನಡುವಿನ ಟೆಂಡನ್ ಇಕ್ಕಟ್ಟಿಗೆ ಸಿಗಬಹುದು. ಈಜುವವರ ಭುಜ ನೋವಿಗೆ ಇದು ಒಂದು ದೊಡ್ಡ ಕಾರಣ.

ನಾವು "ಭುಜ" ಅನ್ನುವುದು ಇಲ್ಲಿಗೂ ಮುಗಿಯುವುದಿಲ್ಲ. ಕೈಯನ್ನು ಪಕ್ಕದಿಂದ ನೆತ್ತಿಯ ಮೇಲೆ ತರಲು 180 ಡಿಗ್ರಿ ಬೇಕು. ಅದರಲ್ಲಿ ಚೆಂಡು-ಗುಳಿ ಕೊಡುವುದು ಸುಮಾರು 120. ಉಳಿದ 60 ಬರುವುದು ಹೆಗಲ ಹಲಗೆ ಪಕ್ಕೆಲುಬಿನ ಮೇಲೆ ಜಾರಿ ತಿರುಗುವುದರಿಂದ. ಹಲಗೆ ತಿರುಗಿದರೆ ಗುಳಿಯೇ ಮೇಲ್ಮುಖವಾಗುತ್ತದೆ. ಹಲಗೆ ತಿರುಗಬೇಕಾದರೆ ಕಾಲರ್ ಬೋನ್ ಎದ್ದು ಉರುಳಬೇಕು. ಇಡೀ ಕೈ ಎದೆಗೂಡಿಗೆ ಮೂಳೆಯ ಮೂಲಕ ಅಂಟಿಕೊಂಡಿರುವುದು ಒಂದೇ ಜಾಗದಲ್ಲಿ, ಕಾಲರ್ ಬೋನ್ ಎದೆಮೂಳೆಯನ್ನು ಸೇರುವ ಆ ಪುಟ್ಟ ಕೀಲಿನಲ್ಲಿ. ಅಲ್ಲಿ ಬೆರಳಿಟ್ಟು ಕೈ ಎತ್ತಿ ನೋಡಿ, ಅಲುಗುವುದು ತಿಳಿಯುತ್ತದೆ.

ಇನ್ನೊಂದು ಪರೀಕ್ಷೆ. ಹೆಬ್ಬೆರಳು ನೆಲ ನೋಡುವ ಹಾಗೆ ತೋಳನ್ನು ಒಳಕ್ಕೆ ತಿರುಗಿಸಿ ಪಕ್ಕದಿಂದ ನಿಧಾನವಾಗಿ ಮೇಲೆತ್ತಿ. ಭುಜದ ಮಟ್ಟ ದಾಟುವ ಹೊತ್ತಿಗೆ ತಡೆಯುತ್ತದೆ. ಬಲವಂತ ಮಾಡದೆ ಅಲ್ಲೇ ಹೆಬ್ಬೆರಳನ್ನು ಮೇಲಕ್ಕೆ ತಿರುಗಿಸಿ. ಕೈ ಮತ್ತೆ ಮೇಲೆ ಹೋಗುತ್ತದೆ. ತೋಳಿನ ಮೂಳೆಯ ಮೇಲಿನ ಗುಬ್ಬಿ ಚಾವಣಿಯ ಅಡಿಯಿಂದ ಹಿಂದಕ್ಕೆ ಸರಿದು ದಾರಿ ಬಿಟ್ಟದ್ದರಿಂದ ಇದು ಸಾಧ್ಯವಾಯಿತು.

ಬಾಗುವ_ಹುಚ್ಚು

ತೊಡೆಸಂದು ಕೂಡ ಚೆಂಡು-ಗುಳಿ ತಾನೇ? ಹಾಗಾದರೆ ಅಭ್ಯಾಸ ಮಾಡಿದರೆ ಯಾರಾದರೂ ಕಾಲನ್ನು ಭುಜದಷ್ಟೇ ಸಲೀಸಾಗಿ ತಿರುಗಿಸಬಹುದು. ಆಗದವರು ಸುಮ್ನೆ ಅಭ್ಯಾಸ ಬಿಟ್ಟವರು ಅನ್ನುವುದು ನನ್ನ ಅಭಿಪ್ರಾಯ.

ಅನಾಟಮಿ_ಓದುವವಳು

ಒಪ್ಪುವುದಿಲ್ಲ. ತೊಡೆಮೂಳೆಯ ತಲೆ ಕೂರುವ ಗುಳಿ ನಿಜಕ್ಕೂ ಆಳ. ಸೊಂಟದ ಮೂರು ಮೂಳೆಗಳು ಬೆಸೆದು ಆ ಬಟ್ಟಲಾಗಿದೆ, ಸುತ್ತ ಲೇಬ್ರಮ್ ಬೇರೆ ಇದೆ. ತಲೆಯ ಅರ್ಧದಷ್ಟು ಒಳಗೆ ಹೋಗಿ ಕೂತಿರುತ್ತದೆ. ಮುಂಭಾಗದಲ್ಲಿ ತಲೆಕೆಳಗಾದ ವೈ ಅಕ್ಷರದಂಥ ಇಲಿಯೋಫೆಮೊರಲ್ ಲಿಗಮೆಂಟ್ ಇದೆ, ದೇಹದ ಅತಿ ಬಲವಾದ ಲಿಗಮೆಂಟ್ ಅಂತ ಅದನ್ನು ಹೇಳುತ್ತಾರೆ. ನೇರ ನಿಂತಾಗ ಅದು ಬಿಗಿಯಾಗುತ್ತದೆ. ಅದಕ್ಕೇ ನಾವು ಸೊಂಟದ ಸ್ನಾಯುಗಳನ್ನು ಹೆಚ್ಚು ದಣಿಸದೆ ತುಂಬ ಹೊತ್ತು ನಿಲ್ಲಬಹುದು. ಕಾಲು ಹಿಂದಕ್ಕೆ ಸುಮಾರು 20 ಡಿಗ್ರಿ ಮಾತ್ರ ಹೋಗುವುದಕ್ಕೂ ಅದೇ ಕಾರಣ.

ಎಲ್ಲರ ಗುಳಿಯೂ ಒಂದೇ ಆಕಾರ ಅಲ್ಲ. ಕೆಲವರದು ಆಳ, ಕೆಲವರದು ಕಡಿಮೆ. ಕೆಲವರದು ಮುಂದಕ್ಕೆ ಮುಖ ಮಾಡಿರುತ್ತದೆ, ಕೆಲವರದು ಪಕ್ಕಕ್ಕೆ. ತೊಡೆಮೂಳೆಯ ಕತ್ತಿನ ಕೋನವೂ ಬೇರೆ ಬೇರೆ. ಮೂಳೆಗೆ ಮೂಳೆ ತಾಗಿದ ಮೇಲೆ ಎಷ್ಟು ಎಳೆದರೂ ಮುಂದೆ ದಾರಿ ಇಲ್ಲ.

ಫಿಸಿಯೋ_ಮಾತು

ಇವರ ಮಾತಿಗೆ ನನ್ನದೂ ಒಂದು. ಅಭ್ಯಾಸದಿಂದ ಬದಲಾಗುವುದು ಯಾವುದು, ಆಗದೇ ಇರುವುದು ಯಾವುದು ಅಂತ ಬಿಡಿಸಿ ನೋಡಬೇಕು. ಬೆನ್ನ ಮೇಲೆ ಮಲಗಿ ಮಂಡಿ ಮಡಚಿ ತೊಡೆಯನ್ನು ಹೊಟ್ಟೆಗೆ ತನ್ನಿ. ಬರುತ್ತದೆ. ಈಗ ಮಂಡಿ ನೇರ ಇಟ್ಟು ಅದೇ ಕಾಲನ್ನು ಎತ್ತಿ. ತುಂಬ ಜನರಿಗೆ ಲಂಬದವರೆಗೂ ಬರುವುದಿಲ್ಲ. ತೊಡೆಸಂದು ಎರಡು ಸಲವೂ ಅದೇ. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಸೊಂಟ, ಮಂಡಿ ಎರಡನ್ನೂ ದಾಟುತ್ತದೆ, ಎರಡು ಕಡೆಯಿಂದ ಎಳೆದಾಗ ಅದಕ್ಕೆ ಉದ್ದ ಸಾಲುವುದಿಲ್ಲ. ಈ ತಡೆ ಅಭ್ಯಾಸದಿಂದ ಸಡಿಲವಾಗುತ್ತದೆ. ಮೂಳೆಯ ತಡೆ ಸಡಿಲವಾಗುವುದಿಲ್ಲ. ಲಿಗಮೆಂಟ್‌ನ ತಡೆಯನ್ನು ಸಡಿಲ ಮಾಡಲು ಹೋಗಲೇಬಾರದು, ಅದು ಕೀಲನ್ನು ಕಾಯುವ ಕಟ್ಟು.

ನಾವು ರೋಗಿಯ ಕೀಲನ್ನು ಕೊನೆವರೆಗೆ ಆಡಿಸಿ ಆ ಕೊನೆ ಕೈಗೆ ಹೇಗೆ ತಿಳಿಯುತ್ತದೆ ಅಂತ ನೋಡುತ್ತೇವೆ. ಮೊಣಕೈ ಪೂರ್ತಿ ಬಿಚ್ಚಿದಾಗ ಗಟ್ಟಿ ನಿಲುಗಡೆ, ಮೂಳೆಗೆ ಮೂಳೆ. ಅದೇ ಮೊಣಕೈ ಮಡಚಿದಾಗ ಮೆತ್ತನೆಯ ನಿಲುಗಡೆ, ತೋಳಿನ ಮಾಂಸಕ್ಕೆ ಮುಂಗೈ ಮಾಂಸ ತಾಗಿದ್ದು. ಮಣಿಕಟ್ಟಿನ ಕೊನೆಯಲ್ಲಿ ಬಿಗಿದ ಚರ್ಮದಂಥ ಸೆಳೆತ. ಮೆತ್ತಗೆ ನಿಲ್ಲಬೇಕಾದ ಕಡೆ ಗಟ್ಟಿಯಾಗಿ ನಿಂತರೆ ಏನೋ ತೊಂದರೆ ಇದೆ ಅಂತ ಅರ್ಥ.

ವಿಜ್ಞಾನ_ಮೇಷ್ಟ್ರು

ನಾನು ಹುಡುಕುತ್ತಿದ್ದದ್ದು ಇದೇ! ಪಟ್ಟಿಯಲ್ಲಿ "ಯಾವ ಬಗೆಯ ಕೀಲು" ಅನ್ನುವ ಸಾಲಿನ ಪಕ್ಕ "ಇದನ್ನು ತಡೆಯುವುದು ಏನು" ಅಂತ ಇನ್ನೊಂದು ಸಾಲು ಹಾಕುತ್ತೇನೆ. ಉತ್ತರವನ್ನು ಮಕ್ಕಳೇ ತಮ್ಮ ಕೈಕಾಲು ಆಡಿಸಿ ತುಂಬಲಿ. ಮಂಡಿಗೆ ಏನು ಬರೆಸಲಿ? ಅದೂ ಬರೀ ಬಿಜಾಗರಿ ಅಲ್ಲ ಅನ್ನುವ ಅನುಮಾನ ನನಗಿದೆ.

ಮಂಡಿ_ಆಪರೇಷನ್_ಆದವನು

ನನ್ನ ಎಸಿಎಲ್, ಅಂದರೆ ಮಂಡಿಯೊಳಗೆ ಅಡ್ಡ ಹಾದ ಒಂದು ಲಿಗಮೆಂಟ್, ಹರಿದು ಆಪರೇಷನ್ ಆಗಿದೆ. ಆಗ ಓದಿ, ಕೇಳಿ ತಿಳಿದದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ತಿಳಿದವರು ತಿದ್ದಲಿ.

ಕುರ್ಚಿಯಲ್ಲಿ ಕೂತು ಮಂಡಿ ಮಡಚಿ, ತೊಡೆಯನ್ನು ಅಲುಗಿಸದೆ ಪಾದದ ತುದಿಯನ್ನು ಒಳಗೆ ಹೊರಗೆ ತಿರುಗಿಸಿ. ಮಂಡಿಯ ಕೆಳಗೆ ಮೂಳೆಯ ಮೇಲೆ ಕೈ ಇಟ್ಟಿರಿ. ಕಣಕಾಲಿನ ಮೂಳೆಯೇ ತಿರುಗುವುದು ತಿಳಿಯುತ್ತದೆ. ಈಗ ಕಾಲನ್ನು ಪೂರ್ತಿ ನೇರ ಮಾಡಿ ಮತ್ತೆ ಪ್ರಯತ್ನಿಸಿ. ಈ ಸಲ ಪಾದ ತಿರುಗಿದರೆ ಅದರ ಜೊತೆ ತೊಡೆಯೂ ತಿರುಗುತ್ತದೆ. ಮಂಡಿ ಬೀಗ ಹಾಕಿಕೊಂಡಿದೆ.

ಮಂಡಿ ನೇರವಾಗುವ ಕೊನೆಯ 20 ಡಿಗ್ರಿಯಲ್ಲಿ ಕಣಕಾಲಿನ ಮೂಳೆ ತಾನಾಗಿ ಸ್ವಲ್ಪ ಹೊರಕ್ಕೆ ತಿರುಗಿ ಕೂರುತ್ತದೆ. ತೊಡೆಮೂಳೆಯ ಒಳಬದಿಯ ಉಬ್ಬು ಹೊರಬದಿಯದಕ್ಕಿಂತ ಉದ್ದ ಇರುವುದು ಇದಕ್ಕೆ ಒಂದು ಕಾರಣ, ಎಸಿಎಲ್ ಬಿಗಿಯಾಗುವುದು ಇನ್ನೊಂದು. ಮತ್ತೆ ಮಡಚಬೇಕಾದರೆ ಮೊದಲು ಬೀಗ ತೆಗೆಯಬೇಕು. ಆ ಕೆಲಸಕ್ಕೆ ಮಂಡಿಯ ಹಿಂದೆ ಪಾಪ್ಲಿಟಿಯಸ್ ಅನ್ನುವ ಪುಟ್ಟ ಸ್ನಾಯು ಇದೆ.

ಪಾದ ನೆಲದಲ್ಲಿ ಊರಿಕೊಂಡಿರುವಾಗ ಮೈ ಒಮ್ಮೆಲೇ ಬೇರೆ ದಿಕ್ಕಿಗೆ ತಿರುಗಿದರೆ ಹರಿಯುವುದು ಈ ಎಸಿಎಲ್. ನನಗೂ ಯಾರೂ ತಾಗಿರಲಿಲ್ಲ. ಓಡುತ್ತಾ ತಿರುಗಿದೆ, ಅಷ್ಟೇ.

ಅನಾಟಮಿ_ಓದುವವಳು

ತಿದ್ದಲು ಏನೂ ಇಲ್ಲ, ಸೇರಿಸಲು ಇದೆ. ತೊಡೆಮೂಳೆಯ ತುದಿ ದುಂಡಗೆ, ಕಣಕಾಲಿನ ಮೂಳೆಯ ಮೇಲ್ಭಾಗ ಹೆಚ್ಚುಕಡಿಮೆ ಚಪ್ಪಟೆ. ದುಂಡಗಿರುವುದು ಚಪ್ಪಟೆಯ ಮೇಲೆ ಬರೀ ಉರುಳಿದರೆ ಅಂಚು ದಾಟಿ ಬಿದ್ದುಹೋಗಬೇಕು. ಹಾಗಾಗದಂತೆ ಅದು ಉರುಳುತ್ತಲೇ, ಉರುಳುವ ದಿಕ್ಕಿಗೆ ಎದುರಾಗಿ ಜಾರುತ್ತದೆ. ಆ ಜಾರುವಿಕೆಯನ್ನು ಹಿಡಿತದಲ್ಲಿ ಇಡುವುದು ಒಳಗೆ ಅಡ್ಡಡ್ಡ ಹಾದ ಎರಡು ಲಿಗಮೆಂಟ್‌ಗಳು.

ಮಧ್ಯದಲ್ಲಿ ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳು, ಮೆನಿಸ್ಕಸ್‌ಗಳಿವೆ. ಚಪ್ಪಟೆ ಜಾಗವನ್ನು ಸ್ವಲ್ಪ ಗುಳಿಯಾಗಿಸಿ ಭಾರವನ್ನು ಹಂಚುತ್ತವೆ. ಒಳಬದಿಯದು ಬದಿಯ ಲಿಗಮೆಂಟ್‌ಗೆ ಅಂಟಿಕೊಂಡಿದೆ, ಸರಿದು ತಪ್ಪಿಸಿಕೊಳ್ಳಲು ಅದಕ್ಕೆ ಕಷ್ಟ, ಅದಕ್ಕೇ ಅದು ಹರಿಯುವುದು ಜಾಸ್ತಿ. ಮೆನಿಸ್ಕಸ್‌ನ ಹೊರ ಅಂಚಿಗೆ ಮಾತ್ರ ರಕ್ತ ಬರುತ್ತದೆ. ಅಲ್ಲಿ ಹರಿದರೆ ಹೊಲಿದು ಕೂಡಿಸಬಹುದು, ಒಳ ಅಂಚಿನಲ್ಲಿ ಹರಿದರೆ ತಾನಾಗಿ ಕೂಡುವುದು ಕಷ್ಟ.

ಮಂಡಿಚಿಪ್ಪಿನದ್ದೂ ಒಂದು ಮಾತು. ಅದು ಬರೀ ಮುಚ್ಚಳ ಅಲ್ಲ. ತೊಡೆಯ ಮುಂದಿನ ಸ್ನಾಯುವಿನ ಟೆಂಡನ್ ಅನ್ನು ಕೀಲಿನಿಂದ ದೂರ ಎತ್ತಿ ಹಿಡಿಯುತ್ತದೆ. ಆದ್ದರಿಂದ ಕಡಿಮೆ ಬಲದಲ್ಲಿ ಮಂಡಿ ನೇರವಾಗುತ್ತದೆ. ಆ ಒತ್ತಡ ತಡೆಯಲೆಂದೇ ದೇಹದಲ್ಲೇ ಅತಿ ದಪ್ಪ ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆಯ ಮೇಲಿನ ನುಣುಪಾದ ಹೊದಿಕೆ) ಅದರ ಹಿಂದೆ ಇದೆ.

ಪುಟಾಣಿಯ_ಅಮ್ಮ

ನಟಿಕೆ ಮುರಿದರೆ ಕೀಲಿನ ಎಣ್ಣೆ ಖಾಲಿಯಾಗಿ ಸಂಧಿವಾತ ಬರುತ್ತದೆ ಅನ್ನುತ್ತಾರಲ್ಲ, ನಿಜವಾ?

ಅನಾಟಮಿ_ಓದುವವಳು

ಎಣ್ಣೆ ಅನ್ನುವುದು ಸೈನೋವಿಯಲ್ ದ್ರವ. ಆರೋಗ್ಯವಂತ ಮಂಡಿಯಂಥ ದೊಡ್ಡ ಕೀಲಿನಲ್ಲೂ ಅದು ಕೆಲವೇ ಮಿಲಿಲೀಟರ್. ಕೀಲಿನ ಚೀಲದ ಒಳಪೊರೆ ಅದನ್ನು ಮಾಡುತ್ತಲೇ ಇರುತ್ತದೆ, ಹೀರಿಕೊಳ್ಳುತ್ತಲೂ ಇರುತ್ತದೆ. ಖಾಲಿಯಾಗುವ ಮಾತಿಲ್ಲ.

ಸದ್ದಿನ ಕಾರಣದ ಬಗ್ಗೆ ವಾದ ಇನ್ನೂ ನಡೆಯುತ್ತಿದೆ. ಬೆರಳು ಎಳೆದಾಗ ಕೀಲಿನೊಳಗೆ ಒತ್ತಡ ಇಳಿದು ಗುಳ್ಳೆ ಹುಟ್ಟುತ್ತದೆ. ಗುಳ್ಳೆ ಹುಟ್ಟುವಾಗಲೇ ಸದ್ದು ಅಂತ 1947ರಲ್ಲಿ ಹೇಳಿದರು. ಅಲ್ಲ, ಅದು ಕುಸಿಯುವಾಗ ಅಂತ 1971ರಲ್ಲಿ ಇನ್ನೊಂದು ತಂಡ ಹೇಳಿತು. 2015ರಲ್ಲಿ ಎಂಆರ್‌ಐ ಒಳಗೆ ಬೆರಳು ಎಳೆದು ನೋಡಿದಾಗ ಸದ್ದಿನ ಹೊತ್ತಿಗೆ ಖಾಲಿ ಜಾಗ ಮೂಡಿದ್ದು ಕಂಡಿತು. 2018ರ ಒಂದು ಗಣಿತದ ಮಾದರಿ, ಗುಳ್ಳೆ ಪೂರ್ತಿ ಅಲ್ಲದೆ ಅರೆಬರೆ ಕುಸಿದರೂ ಅಂಥ ಸದ್ದು ಬರುತ್ತದೆ ಅಂತ ತೋರಿಸಿತು. ಅದೇ ಬೆರಳು ಮತ್ತೆ ಸದ್ದು ಮಾಡಲು ಸುಮಾರು 20 ನಿಮಿಷ ಬೇಕು.

ಸಂಧಿವಾತಕ್ಕೂ ಇದಕ್ಕೂ ನಂಟು ಸಿಕ್ಕಿಲ್ಲ. ಡೊನಾಲ್ಡ್ ಅಂಗರ್ ಅನ್ನುವ ಅಮೆರಿಕದ ವೈದ್ಯರು 60 ವರ್ಷಕ್ಕೂ ಹೆಚ್ಚು ಕಾಲ ಎಡಗೈಯ ನಟಿಕೆ ಮಾತ್ರ ಮುರಿದು ಬಲಗೈ ಬಿಟ್ಟರು. ಎರಡರಲ್ಲೂ ಸಂಧಿವಾತ ಬರಲಿಲ್ಲ. 2009ರಲ್ಲಿ ಇಗ್ ನೊಬೆಲ್ ಬಹುಮಾನವೂ ಬಂತು, ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಒಬ್ಬರ ಮೇಲಿನ ಪ್ರಯೋಗದಿಂದ ಎಲ್ಲ ತೀರ್ಮಾನ ಆಗುವುದಿಲ್ಲ, ಆದರೂ ಅವರ ತಾಳ್ಮೆ ನನಗೆ ಇಷ್ಟ. ಸದ್ದಿನ ಜೊತೆ ನೋವು, ಊತ ಇದ್ದರೆ ಮಾತ್ರ ತೋರಿಸಿ.

ಫಿಸಿಯೋ_ಮಾತು

ಎಣ್ಣೆಯ ಬಗ್ಗೆ ಚಿಂತೆ ಮಾಡುವವರು ಅಲುಗಾಡದೆ ಕೂರುವುದರ ಬಗ್ಗೆ ಚಿಂತೆ ಮಾಡಲಿ. ಮೂಳೆಯ ತುದಿಯ ಕಾರ್ಟಿಲೇಜ್‌ಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಅದಕ್ಕೆ ಪೋಷಣೆ ಬಹುಪಾಲು ಆ ದ್ರವದಿಂದಲೇ. ಭಾರ ಬಿದ್ದಾಗ ಅದರಿಂದ ನೀರು ಹೊರಬರುತ್ತದೆ, ಭಾರ ತೆಗೆದಾಗ ಒಳಗೆ ಹೋಗುತ್ತದೆ. ಕೀಲು ಆಡಿದರೇ ಅದಕ್ಕೆ ಊಟ. ನರ ಇಲ್ಲದ್ದರಿಂದ ಸವೆತ ಶುರುವಾದಾಗ ಅದಕ್ಕೆ ನೋವೂ ಗೊತ್ತಾಗುವುದಿಲ್ಲ.

ವಿಜ್ಞಾನ_ಮೇಷ್ಟ್ರು

ಅಲುಗಾಡದ ಕೀಲುಗಳ ಬಗ್ಗೆ ಎರಡು ಮಾತು ಬೇಕು. ಕುತ್ತಿಗೆಯದ್ದೂ ಹೇಳಿ.

ಅನಾಟಮಿ_ಓದುವವಳು

ತಲೆಬುರುಡೆಯ ಹೊಲಿಗೆಗಳು ಹುಟ್ಟುವಾಗ ಅಲುಗಾಡುತ್ತವೆ, ಇಲ್ಲದಿದ್ದರೆ ತಲೆ ಹೆರಿಗೆಯ ದಾರಿಯಲ್ಲಿ ಬರುವುದು ಕಷ್ಟ. ನೆತ್ತಿಯ ಮುಂದಿನ ಮೆತ್ತನೆ ಜಾಗ ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷದೊಳಗೆ ಮುಚ್ಚುತ್ತದೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಅಲ್ಪಸ್ವಲ್ಪ ಆಡುವ ಕೀಲು. ದಿನವಿಡೀ ಭಾರ ಹೊತ್ತು ನೀರು ಕಳೆದುಕೊಂಡು ಸಂಜೆಗೆ ನಾವು ಸುಮಾರು ಒಂದು ಸೆಂಟಿಮೀಟರ್ ಗಿಡ್ಡವಾಗಿರುತ್ತೇವೆ.

ಕುತ್ತಿಗೆಯಲ್ಲಿ "ಹೌದು" ಅಂತ ತಲೆ ಆಡಿಸುವ ಕೆಲಸ ಹೆಚ್ಚಾಗಿ ಬುರುಡೆ ಮತ್ತು ಮೊದಲ ಮೂಳೆಯ ನಡುವಿನ ಕೀಲಿನದು. "ಇಲ್ಲ" ಅನ್ನುವ ಕೆಲಸದ ಸುಮಾರು ಅರ್ಧ ಮೊದಲ ಮತ್ತು ಎರಡನೇ ಮೂಳೆಯ ನಡುವಿನ ಕೀಲಿನದು, ಉಳಿದ ಅರ್ಧ ಕೆಳಗಿನವೆಲ್ಲ ಸೇರಿ ಮಾಡುತ್ತವೆ. ಪಟ್ಟಿಯಲ್ಲಿ ತಿರುಗಣಿ ಅಂತ ಬರೆಯುವುದು ಆ ಒಂದು ಜೋಡಿಗೆ ಮಾತ್ರ.

ಈಜುಗಾರ್ತಿ

ಕೊನೆಗೆ ಒಂದು ಕೇಳಲಾ? ನಮ್ಮ ತಂಡದ ಒಬ್ಬ ಹುಡುಗ ಮಂಡಿ ನೋವು ಅನ್ನುತ್ತಾನೆ, ಸ್ವಲ್ಪ ಕುಂಟುತ್ತಾನೆ. ಮಂಡಿಯ ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ. ಮುಟ್ಟಿದರೂ ನೋಯುವುದಿಲ್ಲ, ಊತವೂ ಇಲ್ಲ. ನೆಪ ಹೇಳುತ್ತಿದ್ದಾನೆ ಅಂತ ಮನೆಯವರು ಬಿಟ್ಟಿದ್ದಾರೆ.

ಫಿಸಿಯೋ_ಮಾತು

ದಯವಿಟ್ಟು ಬಿಡಬೇಡಿ. ಅವನ ತೊಡೆಸಂದನ್ನು ಮೂಳೆ ವೈದ್ಯರಿಗೆ ತೋರಿಸಲು ಇವತ್ತೇ ಹೇಳಿ.

19ನೇ ಶತಮಾನದ ಇಂಗ್ಲಿಷ್ ಶಸ್ತ್ರವೈದ್ಯ ಜಾನ್ ಹಿಲ್ಟನ್ ಒಂದು ನಿಯಮ ಹೇಳಿದ್ದರು. ಒಂದು ಕೀಲನ್ನು ಆಡಿಸುವ ಸ್ನಾಯುಗಳಿಗೆ ಹೋಗುವ ನರವೇ ಆ ಕೀಲಿಗೂ, ಅದರ ಮೇಲಿನ ಚರ್ಮಕ್ಕೂ ಕವಲು ಕೊಡುತ್ತದೆ ಅಂತ. ಸೊಂಟದಿಂದ ಇಳಿಯುವ ಒಬ್ಟ್ಯುರೇಟರ್ ನರ ತೊಡೆಸಂದಿಗೂ ಕವಲು ಕೊಡುತ್ತದೆ, ಮಂಡಿಗೂ ಕೊಡುತ್ತದೆ. ಕೇಡು ಮೇಲಿದ್ದರೂ ನೋವು ಕೆಳಗೆ ಕಾಣಿಸುವುದು ಅದಕ್ಕೇ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ತೊಡೆಮೂಳೆಯ ತಲೆ ಬೆಳವಣಿಗೆಯ ಪದರದಲ್ಲಿ ಜಾರುವ ಒಂದು ಕಾಯಿಲೆ ಇದೆ. ಅದು ಎಷ್ಟೋ ಸಲ ಬರೀ ಮಂಡಿ ನೋವಾಗಿಯೇ ಶುರುವಾಗುತ್ತದೆ. ತಡವಾದಷ್ಟೂ ಜಾಸ್ತಿ ಜಾರುತ್ತದೆ.

ಅವನು ಮಲಗಿದಾಗ ವೈದ್ಯರು ತೊಡೆಯನ್ನು ಒಳಕ್ಕೆ ತಿರುಗಿಸಿ ನೋಡುತ್ತಾರೆ. ಆ ಬದಿ ಕಡಿಮೆ ತಿರುಗಿದರೆ, ಅಥವಾ ತೊಡೆ ಮಡಚುವಾಗ ಕಾಲು ತಾನಾಗಿ ಹೊರಕ್ಕೆ ವಾಲಿದರೆ, ತೊಡೆಸಂದಿನ ಎಕ್ಸ್‌ರೇ ಎರಡು ಕೋನದಿಂದ ಬೇಕು. ಅಲ್ಲಿಯವರೆಗೆ ಈಜು, ಓಟ ಎಲ್ಲ ನಿಲ್ಲಿಸಲಿ, ಆ ಕಾಲಿನ ಮೇಲೆ ಭಾರ ಹಾಕುವುದು ಬೇಡ.

ಈಜುಗಾರ್ತಿ

ಈಗಲೇ ಅವರ ಮನೆಗೆ ಫೋನ್ ಮಾಡುತ್ತೇನೆ.